ಐದು ಗೀಟಿನ ಬಿಸಿಲು

ಎರಡನೆಯ ದಿನ ಯಂಕೋಬ ಬಂದು
ಡ್ರಮ್ಮಿಗೆ ಕಿವಿಯಿಟ್ಟ.
'ಗುಳುಗುಳು ಅಂತದ, ಖರೆ. ಆದ್ರ ದನಿ ಭಾಳ ಸಣ್ಣದದ,
ಜ್ವರ ಬಂದ ಕೂಸಿನಂಗ.'
ಗಣಿಯ ಒಳಗೆ ಡ್ರಿಲ್ ಹಿಡಿಯುವವನು ಅವನು,
ಕಲ್ಲನ್ನು ಬಡಿದು ಪೊಳ್ಳೋ ಗಟ್ಟಿಯೋ ಹೇಳುತ್ತಾನೆ.
ಬಿಯರನ್ನೂ ಹಾಗೇ ಕೇಳುತ್ತಾನೆ.

ನಾನು ಹಟ್ಟಿಯ ಅಸ್ಸೇ ಲ್ಯಾಬಿನವಳು.
ಟನ್ ಕಲ್ಲಿಗೆ ಎಷ್ಟು ಗ್ರಾಂ ಬಂಗಾರ
ಎಂದು ದಿನವಿಡೀ ತೂಗಿ ಬರೆದಿಡುವ ನೌಕರಿ.
ಕಿವಿಯನ್ನು ನಂಬುವುದಿಲ್ಲ.
ಮೊದಲ ಸಂಜೆಯೇ ಗಾಜಿನ ಕಡ್ಡಿ ತೇಲಿಬಿಟ್ಟು ನೋಡಿದ್ದೆ:
ನಲವತ್ತೈದರಲ್ಲಿ ನಿಲ್ಲಬೇಕಾದದ್ದು
ಮೂವತ್ತೆರಡಕ್ಕೆ ಮುಳುಗಿತ್ತು.

ಬಿಳಿಜೋಳ ನೆನೆಸಿ, ಗೋಣಿಯ ಮೇಲೆ ಮೊಳಕೆ ಬರಿಸಿ,
ಕ್ವಾರ್ಟರ್ಸಿನ ಮಾಳಿಗೆಯಲ್ಲಿ ಒಣಗಿಸಿ,
'ರವಾ ಮಾಡು, ಹಿಟ್ಟು ಬ್ಯಾಡ' ಎಂದು
ಗಿರಣಿಯ ಹುಡುಗನಿಗೆ ಮೂರು ಸಲ ಹೇಳಿ,
ಹೈದರಾಬಾದಿನಿಂದ ಯೀಸ್ಟಿನ ಪೊಟ್ಟಣ ತರಿಸಿ,
ಇಷ್ಟೆಲ್ಲ ಆಗಿ
ಹೆಸರಿಗೆ ಬಿಯರು, ಬಾಯಿಗೆ ಅಂಬಲಿಯ ತಿಳಿ.

'ಇನ್ನೊಂದು ಪೊಟ್ಟಣ ಯೀಸ್ಟ್ ಹಾಕು' ಅಂದ ಯಂಕೋಬ.
ಉಣ್ಣುವವರು ಹೆಚ್ಚಾದರೆ ಬುಟ್ಟಿಯ ರೊಟ್ಟಿ ಹೆಚ್ಚುತ್ತದೇನು?
'ಹಂಗಾದ್ರ ಬೆಲ್ಲ ಹಾಕು. ಏನಾರ ಹಾಕು.'
ಸಂಜೆಯೊಳಗೆ ಒಂದು ಪೆಂಟಿ ತಂದಿಟ್ಟೂ ಹೋದ.

ಏನಾರ ಹಾಕು.
ಈ ಮಾತು ನನಗೆ ಹೊಸದಲ್ಲ.

ದೇವದುರ್ಗದ ರಸ್ತೆಯಲ್ಲಿ ಅಪ್ಪನ ಸೇಂದಿ ಅಂಗಡಿ.
ಈಚಲ ಮರ ಕಡಿದು, ಕಾಲುವೆ ನೀರಿಗೆ ಭತ್ತ ಬಂದ ಮೇಲೆ
ಸೇಂದಿ ಕಡಿಮೆ, ಕುಡಿಯುವವರು ಅಷ್ಟೇ.
ಕೊಡಕ್ಕೆ ನಾಲ್ಕು ಕೊಡ ನೀರು.
'ಕಸುವಿಲ್ಲ ಮಾಲಕ' ಎಂದು ಯಾರಾದರೂ ಅಂದರೆ
ಅಪ್ಪ ಪರದೆಯ ಹಿಂದೆ ಹೋಗಿ
ಬಿಳಿ ಪುಡಿಯ ಡಬ್ಬಿ ತೆಗೆಯುತ್ತಿದ್ದ.
ಬೇವಿನ ಕಟ್ಟಿಗೆಯಿಂದ ಕಲಕುವುದು ನನ್ನ ಕೆಲಸ.
ಒಂಬತ್ತು ವರ್ಷ ನನಗೆ, ಉಪ್ಪು ಅಂದುಕೊಂಡಿದ್ದೆ.
ಅಂಗಡಿ ಬಂದ್ ಇದ್ದ ಒಂದು ದಿನ
ಹಮಾಲ ದುರುಗಪ್ಪ ಕಟ್ಟೆಯ ಮೇಲೆ ಕೂತು
ತನ್ನ ನೆರಳಿನ ಜತೆ ಜಗಳವಾಡಿದ್ದನ್ನು,
ಬೀಡಿಯನ್ನು ತುಟಿಗೆ ಮುಟ್ಟಿಸಲಾರದ ಅವನ ಕೈಯನ್ನು
ನೋಡಿದ ಮೇಲೂ
ಮತ್ತೊಂದು ವರ್ಷ ಕಲಕಿದೆ.

ಯಂಕೋಬನಿಗೆ ಇದನ್ನು ಹೇಳಿಲ್ಲ.

ರಾತ್ರಿ ನಿದ್ದೆ ಬರದೆ ಕಡ್ಡಿಯನ್ನು ಬಲ್ಬಿಗೆ ಹಿಡಿದೆ.
ಅದರ ಹೊಟ್ಟೆಯೊಳಗಿನ ಕಾಗದದಲ್ಲಿ ಇರುವೆಯಷ್ಟು ಅಕ್ಷರ:
ಇಪ್ಪತ್ತು ಡಿಗ್ರಿ.
ಇಪ್ಪತ್ತು ಡಿಗ್ರಿಯ ನೀರಲ್ಲಿ ನಿಂತು ಎಣಿಕೆ ಕಲಿತ ಕಡ್ಡಿ.
ನಾನು ಅಳೆದದ್ದು ಏಪ್ರಿಲ್ ಸಂಜೆ, ಮೂವತ್ತಾರರಲ್ಲಿ.
ಕಾವಿಗೆ ನೀರು ಹಿಗ್ಗುತ್ತದೆ, ಕಡ್ಡಿ ಆಳಕ್ಕಿಳಿಯುತ್ತದೆ.
ಇದನ್ನು ಮರೆತ ಟ್ರೇನಿಗಳಿಗೆ
ಲ್ಯಾಬಿನಲ್ಲಿ ನಾನೇ ಬೈದಿದ್ದೇನೆ.
ಹಾಗಾದರೆ ಐದು ಗೀಟು ಜೋಳದ ತಪ್ಪಲ್ಲ,
ಈ ಊರಿನ ಬಿಸಿಲಿನದು.
ಮೂವತ್ತೆರಡಲ್ಲ, ಮೂವತ್ತೇಳು.

ಉಳಿದ ಎಂಟು ನನ್ನದೇ.
ರವೆಯನ್ನು ಇನ್ನೊಂದು ತಾಸು ಬೇಯಿಸಬೇಕಿತ್ತು.

ಹದಿನೈದು ಲೀಟರಿಗೆ ಲೆಕ್ಕ ಹಾಕಿದರೆ
ಬೆಲ್ಲ ಮುನ್ನೂರ ನಲವತ್ತು ಗ್ರಾಂ.
ಪೆಂಟಿ ಒಡೆದು, ತೂಗಿ, ಅರ್ಧ ಲೀಟರ್ ನೀರಲ್ಲಿ ಕುದಿಸಿ,
ಕಸ ಸೋಸಿ, ಆರಲು ಬಿಟ್ಟು
ನಸುಕಿನಲ್ಲಿ ಡ್ರಮ್ಮಿನ ಅಂಚಿಗೆ ಸಣ್ಣ ಧಾರೆಯಾಗಿ ಇಳಿಸಿದೆ.
ಕಲಕಲಿಲ್ಲ.
ಗಾಳಿ ಸೇರಬಾರದು ಅನ್ನುವುದು ಒಂದು ಕಾರಣ.

ಒದ್ದೆ ಗೋಣಿಯನ್ನು ಮತ್ತೆ ಸುತ್ತಿ,
ಮೊದಲ ಶಿಫ್ಟಿನ ಸೈರನ್ನಿಗೆ ಮುಂಚೆ
ಬಿಳಿ ಪಟ್ಟಿ ಅಂಟಿಸಿ ಬರೆದೆ:
ಬೆಲ್ಲ, ೩೪೦ ಗ್ರಾಂ, ಮೂರನೇ ದಿನ.
ಹಾಕಿದವರು ಅನ್ನುವಲ್ಲಿ ನನ್ನ ಹೆಸರು,
ಮುಂದೆ ಅಪ್ಪನ ಹೆಸರೂ ಸೇರಿಸಿ, ಪೂರ್ತಿಯಾಗಿ,
ರಿಜಿಸ್ಟರಿನಲ್ಲಿ ಬರೆಯುವ ಹಾಗೆ.

ಯಾರೂ ಇರಲಿಲ್ಲ.
ನಾನೂ ಒಂದು ಸಲ ಕಿವಿಯಿಟ್ಟೆ.